ದುಡ್ಡು ಸ್ಟಾಪರ್‌ಗೆ, ಸ್ಟ್ರೈಕರ್ ನಮ್ಮ ಹುಡುಗನೇ: ಬಳ್ಳಾರಿಯಲ್ಲಿ ತಂಡ ಕಟ್ಟುವ ನಮ್ಮ ಲೆಕ್ಕ

ಬಳ್ಳಾರಿಯ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಪಟ್ಟಿಯಲ್ಲಿ 18 ಹೆಸರು. ದುಡ್ಡು ಕೊಟ್ಟು ಹೊರಗಿನಿಂದ ಕರೆಸುವವರು ಮೂವರೇ: ಗೋಲ್‌ಕೀಪರ್, ಸ್ಟಾಪರ್ (ಡಿಫೆನ್ಸಿನ ನಡುವೆ ನಿಲ್ಲುವವನು), ಅವನ ಮುಂದೆ ನಿಲ್ಲುವ ಮಿಡ್‌ಫೀಲ್ಡರ್. ಸ್ಟ್ರೈಕರ್‌ಗೆ ದುಡ್ಡು ಸುರಿಯುವುದನ್ನು ಬಿಟ್ಟಿದ್ದೇವೆ. ಹೆಸರಿರುವ ಸ್ಟ್ರೈಕರ್ ಮುಂದೆ ನಿಂತರೆ ಹುಡುಗರು ಚೆಂಡನ್ನು ಎತ್ತಿ ಅವನತ್ತ ಒದೆಯುತ್ತಾರೆ, ಪಾಸ್ ಕೊಟ್ಟು ಮುಂದೆ ಸಾಗುವ ಆಟ ಎರಡೇ ಪಂದ್ಯದಲ್ಲಿ ಮರೆತುಹೋಗುತ್ತದೆ. ಅನುಭವಿ ಸ್ಟಾಪರ್ ಇದ್ದರೆ ಮಾತ್ರ ಪಕ್ಕದ 17ರ ಹುಡುಗ ಆಫ್‌ಸೈಡ್ ಲೈನ್, ಅಂದರೆ ಡಿಫೆಂಡರ್‌ಗಳು ನಿಲ್ಲುವ ಸಾಲನ್ನು, ಯಾವಾಗ ಮೇಲೆ ತರಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದನ್ನು ಅವನ ಕೂಗಿನಿಂದಲೇ ಕಲಿಯುತ್ತಾನೆ.

ಹೊರಗಿನವರಿಗೆ ಪಂದ್ಯಕ್ಕಿಷ್ಟು ಎಂದು ಮಾತಾಡಬೇಡಿ. ಬೆಳಿಗ್ಗೆ ರೈಲಿಳಿದು ಸಂಜೆ ಆಡಿ ಹೊರಟುಬಿಡುತ್ತಾರೆ, ಡಿಫೆನ್ಸ್ ಒಟ್ಟಿಗೆ ನಡೆಯುವುದೇ ಇಲ್ಲ. ನಾವು ಅರ್ಧ ಹಣವನ್ನು ಟೂರ್ನಿಗೆ ಮುಂಚಿನ 6 ಅಭ್ಯಾಸಗಳಿಗೆ ಹಂಚುತ್ತೇವೆ. ಬರದ ದಿನದ ಹಣ ಕಟ್. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದರಿಂದ ಅಭ್ಯಾಸ ಬೆಳಿಗ್ಗೆ 6ರಿಂದ 7.30, ಅಷ್ಟೇ.

ಯುರೋಪಿನ ಕ್ಲಬ್ ಟೂರ್ನಿಗಳಲ್ಲಿ 25ರ ಪಟ್ಟಿಯಲ್ಲಿ 8 ಜಾಗ ಸ್ಥಳೀಯವಾಗಿ ತರಬೇತಾದವರಿಗೆ ಮೀಸಲು. ಅದರಲ್ಲಿ ಕನಿಷ್ಠ 4 ಜನ ಅದೇ ಕ್ಲಬ್ಬಿನಲ್ಲಿ 15ರಿಂದ 21ರ ವಯಸ್ಸಿನೊಳಗೆ 3 ವರ್ಷ ಕಳೆದವರಾಗಿರಬೇಕು. ಅಷ್ಟು ಜನ ಸಿಗದಿದ್ದರೆ ಪಟ್ಟಿಯೇ ಚಿಕ್ಕದಾಗುತ್ತದೆ, ಆ ಜಾಗಕ್ಕೆ ಹೊರಗಿನವನನ್ನು ಕೊಂಡು ತುಂಬುವಂತಿಲ್ಲ. ಈ ಕೊನೆಯ ನಿಯಮವನ್ನೇ ನಾವೂ ಹಿಡಿದಿದ್ದೇವೆ: ಹುಡುಗನಿಗೆ ಗಾಯವಾದರೆ ಅವನ ಜಾಗಕ್ಕೆ ಇನ್ನೊಬ್ಬ ಹುಡುಗನೇ.

ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಆಡಿದ ನಿಮಿಷ ಬರೆದಿಡಿ. ಗೆದ್ದಾಗಿರುವ ಪಂದ್ಯದ ಕೊನೆಯ 5 ನಿಮಿಷ ಇಳಿಸಿದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗೆಂದು 18 ತುಂಬದವನನ್ನು ವಾರದಲ್ಲಿ ಎರಡು ಸಲ 90 ನಿಮಿಷ ಓಡಿಸಲೂಬಾರದು. ನಮ್ಮ ಗಟ್ಟಿ ನೆಲದಲ್ಲಿ ತೊಡೆಯ ಹಿಂಭಾಗದ ಸ್ನಾಯು ಬೇಗ ಹಿಡಿಯುತ್ತದೆ.

ಅತಿ ಹೆಚ್ಚು ಅಲಕ್ಷ್ಯವಾಗುವುದು ಕಾಗದಪತ್ರ. ಹುಡುಗ ಮುಂದೆ ವೃತ್ತಿಪರನಾಗಿ, ಒಪ್ಪಂದದ ನಡುವೆ ಬೇರೆ ದೇಶದ ಕ್ಲಬ್ಬಿಗೆ ಹಣಕ್ಕೆ ಹೋದರೆ, ಫಿಫಾ ನಿಯಮದಂತೆ ಆ ಮೊತ್ತದ 5% ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಸೇರಬೇಕು. ವಯಸ್ಸು 12ರಿಂದ 15ರ ಪ್ರತಿ ಸೀಸನ್‌ಗೆ 0.25%, 16ರಿಂದ 23ರ ಪ್ರತಿ ಸೀಸನ್‌ಗೆ 0.5%. 13ರಿಂದ 17ರವರೆಗೆ ನಮ್ಮಲ್ಲಿದ್ದವನು ₹1 ಕೋಟಿಗೆ ಹೋದರೆ 1.75%, ಅಂದರೆ ₹1.75 ಲಕ್ಷ. ನೋಂದಣಿ ಇಲ್ಲದ ವರ್ಷಕ್ಕೆ ಪುರಾವೆಯೇ ಇರುವುದಿಲ್ಲ. ಆದ್ದರಿಂದ 12ಕ್ಕೇ ನೋಂದಾಯಿಸಿ. ಅದಕ್ಕೂ ಮೊದಲು ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ನಾಯಕ, ಇನ್ನೊಂದರಲ್ಲಿ ನಾಯ್ಕ ಎಂದಿದ್ದರೆ ತಂದೆಯನ್ನು ಕರೆದುಕೊಂಡು ಹೋಗಿ ಆಗಲೇ ತಿದ್ದಿಸಿ.