ಹೇಂಟೆಗಳ ಬೆನ್ನು ಬೋಳಾಗುವುದು ನಿಂತದ್ದು ಹೀಗೆ

ಹತ್ತು ನಾಟಿ ಹೇಂಟೆಗಳಿಗೆ ಮೂರು ಹುಂಜ, ಅದರಲ್ಲೊಂದು ಗಿರಿರಾಜ ಎಂಬ ಸುಧಾರಿತ ತಳಿಯದು. ಹೇಂಟೆಗಳ ಬೆನ್ನಲ್ಲೂ ತಲೆಯ ಹಿಂಭಾಗದಲ್ಲೂ ಗರಿ ಹೋಗಿ ಚರ್ಮ ಕಾಣುತ್ತಿತ್ತು.

ಮೊದಲು ಹೇನು ನೋಡಬೇಕು. ಹೇನಿದ್ದರೆ ಗುದದ ಸುತ್ತಲಿನ ಗರಿಬುಡದಲ್ಲಿ ಬಿಳಿ ಮೊಟ್ಟೆಗಳು ಗಂಟುಕಟ್ಟಿರುತ್ತವೆ. ಅದಿಲ್ಲದೆ ಬೆನ್ನ ಗರಿಗಳು ಅರ್ಧಕ್ಕೆ ಮುರಿದಿದ್ದರೆ ಹುಂಜನ ಕೆಲಸವೇ. ಕೂಡಲು ಹೇಂಟೆಯ ಮೇಲೇರುವಾಗ ಅದು ಕೊಕ್ಕಿನಿಂದ ತಲೆಯ ಗರಿ ಹಿಡಿದು, ಉಗುರನ್ನು ಬೆನ್ನಿಗೆ ಊರುತ್ತದೆ. ಗಿರಿರಾಜ ನಾಟಿ ಹೇಂಟೆಗಿಂತ ಬಹಳ ಭಾರ, ಹಾಗಾಗಿ ಗಾಯವೂ ಹೆಚ್ಚು.

ಎಂಟರಿಂದ ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಗಿರಿರಾಜನನ್ನೂ ಜಗಳಗಂಟ ನಾಟಿಯನ್ನೂ ಬೇರೆ ಗೂಡಿಗೆ ಹಾಕಿ, ಸಾಧು ಹುಂಜವನ್ನಷ್ಟೇ ಬಿಟ್ಟದ್ದಾಯಿತು. ಅದರ ಕಾಲಿನ ಮುಳ್ಳಿನ ಚೂಪು ತುದಿಯನ್ನು ಮಾತ್ರ ಅರದಿಂದ ಉಜ್ಜಿ ಮೊಂಡು ಮಾಡಬೇಕು. ಒಳಗೆ ಮೂಳೆಯಿದೆ, ಬುಡಕ್ಕೆ ಕತ್ತರಿಸಿದರೆ ರಕ್ತ ನಿಲ್ಲುವುದು ಕಷ್ಟ. ಗಾಯವಾದ ಹೇಂಟೆಯನ್ನು ಉಪ್ಪುನೀರಿನಿಂದ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ಒಣಗುವವರೆಗೆ ಒಂಟಿಯಾಗಿಡಿ. ಕೆಂಪು ಕಂಡರೆ ಉಳಿದವು ಕುಕ್ಕುತ್ತವೆ.

ಬುಡಸಹಿತ ಕಿತ್ತ ಗರಿ ಕೆಲವು ವಾರಗಳಲ್ಲಿ ಮರಳಿ ಬರುತ್ತದೆ. ಮುರಿದ ಗರಿ ಮಾತ್ರ ಮುಂದಿನ ಗರಿ ಬದಲಾವಣೆಯವರೆಗೆ ಹಾಗೇ ಇರುತ್ತದೆ, ಔಷಧಿ ಹುಡುಕಬೇಡಿ.

ಮೊಟ್ಟೆ ಇಡಲು ಹುಂಜ ಬೇಕಿಲ್ಲ, ಮರಿಗಷ್ಟೇ ಬೇಕು. ಹಳೆ ಹುಂಜನ ವೀರ್ಯ ಹೇಂಟೆಯೊಳಗೆ ಎರಡು ಮೂರು ವಾರ ಉಳಿಯುವುದರಿಂದ, ಈ ಹುಂಜನದೇ ಮರಿ ಬೇಕಿದ್ದರೆ ಮೂರು ವಾರ ಬಿಟ್ಟು ಕಾವಿಗೆ ಮೊಟ್ಟೆ ಕೂಡಿಡಿ. ಕಾವಿಗಿಟ್ಟ ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದಾಗ ಒಳಗೆ ರಕ್ತನಾಳಗಳ ಬಲೆ ಕಾಣದ ಮೊಟ್ಟೆಗಳನ್ನು ತೆಗೆದುಬಿಡಿ.