ಮೆಥನಾಲ್ ಕ್ಯಾನ್ ತೆರೆಯುವ ಮುನ್ನ

ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ಘಟಕಕ್ಕೋ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿಗೋ ಹೋಗಿ, ಮೂಲೆಯಲ್ಲಿ ಮೆಥನಾಲ್ ಕ್ಯಾನ್ ಕಾಣಸಿಗುತ್ತದೆ. ನೋಡಲು ನೀರಿನ ಹಾಗೆ. ವಾಸನೆ ಹೆಚ್ಚುಕಡಿಮೆ ಮದ್ಯದ್ದೇ. ನೀರಿಗೆ ಹಾಕಿದರೆ ಗುರುತೇ ಇಲ್ಲದಂತೆ ಬೆರೆಯುತ್ತದೆ. ಆದರೆ ಇದು ವಿಷ. ಕಣ್ಣು, ಮೂಗು, ನಾಲಿಗೆ ಮೂರನ್ನೂ ನಂಬುವ ಹಾಗಿಲ್ಲ.

1. ಮೊದಲು ಲೇಬಲ್ ಓದಿ

ಮೆಥನಾಲ್, ಮಿಥೈಲ್ ಆಲ್ಕೋಹಾಲ್, ವುಡ್ ಸ್ಪಿರಿಟ್. ಹೆಸರು ಮೂರು, ಸರಕು ಒಂದೇ. ಬೆಂಕಿ ಮತ್ತು ತಲೆಬುರುಡೆ, ಎರಡೂ ಚಿತ್ರ ಲೇಬಲ್ ಮೇಲೆ ಇರಬೇಕು. ಹೆದ್ದಾರಿಯಲ್ಲಿ ಟ್ಯಾಂಕರ್ ಮೇಲೆ 1230 ಎಂಬ ಸಂಖ್ಯೆ ಕಂಡರೆ ಒಳಗಿರುವುದು ಇದೇ. ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಸುರಿದಿಡಬೇಡಿ, 'ಸುಮ್ನೆ ಐದು ನಿಮಿಷ' ಅಂತಲೂ ಬೇಡ.

ವುಡ್ ಸ್ಪಿರಿಟ್ ಅನ್ನುವ ಹೆಸರಿಗೆ ನಮ್ಮಲ್ಲೇ ಒಂದು ಕಥೆಯಿದೆ. 1923ರಲ್ಲಿ ಕೆಲಸ ಶುರುಮಾಡಿದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹಳೆಯ ಹೆಸರಿನಲ್ಲೇ 'ವುಡ್ ಡಿಸ್ಟಿಲೇಷನ್' ಎಂದಿತ್ತು. ಕಬ್ಬಿಣಕ್ಕೆ ಇದ್ದಿಲು ಬೇಕಿತ್ತು. ಇದ್ದಿಲಿಗಾಗಿ ಮರವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದಾಗ ಬರುವ ಹೊಗೆಯನ್ನು ತಣಿಸಿ ಮೆಥನಾಲ್ ತೆಗೆಯುತ್ತಿದ್ದರು. ಈಗ ಅದು ಬರುವುದು ಹೆಚ್ಚಾಗಿ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ. ಪ್ಲೈವುಡ್ ಅಂಟಿಗೆ ಬೇಕಾದ ಫಾರ್ಮಾಲ್ಡಿಹೈಡ್, ಅಸಿಟಿಕ್ ಆಮ್ಲ, ಥಿನ್ನರ್, ಹೀಗೆ ಕೆಲಸಕ್ಕೆ ಬರುವ ಕಡೆ ಬಹಳ.

2. ಕಿಡಿಯಿಂದ ದೂರ, ಗಾಳಿಗೆ ಹತ್ತಿರ

11 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇದರ ಆವಿ ಕಿಡಿಗೆ ಹೊತ್ತಿಕೊಳ್ಳುವಷ್ಟಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗೂ ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗೇ ಇರುತ್ತದೆ, ಅಲ್ವಾ? ಲ್ಯಾಬೊಂದರಲ್ಲಿ ಮೇಷ್ಟ್ರು ಪಿಂಗಾಣಿ ಬಟ್ಟಲಲ್ಲಿ ಎರಡು ಚಮಚದಷ್ಟು ಹೊತ್ತಿಸಿದ್ದರು. ಕಿಟಕಿಯ ಬಿಸಿಲಿನಲ್ಲಿ ಬಟ್ಟಲು ತಣ್ಣಗೆ ಕೂತ ಹಾಗೇ ಇತ್ತು. ಮೇಲೆ ಕಾಗದದ ಚೂರು ಹಿಡಿದರು. ಅದು ಕಪ್ಪಾಗಿ ಸುರುಟಿಕೊಂಡಿತು. ಹಗಲಲ್ಲಿ ಜ್ವಾಲೆ ಕಾಣುವುದೇ ಕಷ್ಟ. ಡ್ರೈ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ.

ಚರ್ಮದಿಂದಲೂ ಉಸಿರಿನಿಂದಲೂ ಇದು ಮೈಸೇರುತ್ತದೆ. ತೆಳ್ಳನೆಯ ಗ್ಲೌಸ್ ಜಾಸ್ತಿ ಹೊತ್ತು ತಡೆಯುವುದಿಲ್ಲ, ಬ್ಯುಟೈಲ್ ರಬ್ಬರಿನದು ಒಳ್ಳೆಯದು.

3. ಬಯೋಡೀಸೆಲ್ ಮಾಡುವವರಿಗೆ

100 ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್ ಬೀಳುತ್ತದೆ. ಇದು ಕುದಿಯುವುದು 64.7 ಡಿಗ್ರಿಯಲ್ಲಿ, ಹಾಗಾಗಿ ತೆರೆದ ಪಾತ್ರೆಯಲ್ಲಿ ಕಾಯಿಸುವ ಮಾತೇ ಬೇಡ. ಎಲ್ಲರೂ ಮರೆಯುವುದು ಕೊನೆಯ ಹಂತ. ಕೆಳಗೆ ಕೂರುವ ಗ್ಲಿಸರಿನ್‌ನಲ್ಲಿ ಮೆಥನಾಲ್ ಉಳಿದಿರುತ್ತದೆ. ಅದನ್ನು ಬೇರ್ಪಡಿಸದೆ ಸೋಪು ಮಾಡೋಣ ಅಂತ ಮನೆಗೆ ಒಯ್ಯಬೇಡಿ.

4. ಹೊಟ್ಟೆಗೆ ಹೋದರೆ

ಮೆಥನಾಲ್‌ಗಿಂತ ಕೆಟ್ಟದ್ದು ಅದು ಲಿವರಿನಲ್ಲಿ ಏನಾಗುತ್ತದೋ ಅದು. ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ. ಕಣ್ಣಿನ ನರ ಹಾಳು ಮಾಡುವುದು ಈ ಆಮ್ಲವೇ. ಎರಡು ಚಮಚದಷ್ಟು, ಅಂದರೆ 10 ಎಂಎಲ್, ಕಣ್ಣು ತೆಗೆಯಬಹುದು. 30 ಎಂಎಲ್ ಜೀವವನ್ನೇ ತೆಗೆಯಬಹುದು.

ಮೋಸ ಇರುವುದು ಸಮಯದಲ್ಲಿ. ಕುಡಿದಾಗ ಸ್ವಲ್ಪ ನಶೆ, ಆಮೇಲೆ 12ರಿಂದ 24 ಗಂಟೆ ಹೆಚ್ಚೇನೂ ಕಾಣದೇ ಇರಬಹುದು. ಆಮೇಲೆ ವಾಂತಿ, ಹೊಟ್ಟೆನೋವು, ಏದುಸಿರು, ಕಣ್ಣಿಗೆ ಬಿಳಿ ಮಂಜು ಕವಿದ ಹಾಗೆ. ರಾತ್ರಿ ಕುಡಿದದ್ದು ಇಳಿದಿಲ್ಲ ಅಂದುಕೊಂಡು ಮಲಗಿಬಿಡುತ್ತಾರೆ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಸಾರಾಯಿ 300ಕ್ಕೂ ಹೆಚ್ಚು ಜನರನ್ನು ಕೊಂದಿತು. 2008ರಲ್ಲಿ ಕರ್ನಾಟಕ, ತಮಿಳುನಾಡು ಎರಡೂ ಕಡೆ ಕಳ್ಳಭಟ್ಟಿ ಮತ್ತೆ ಬಲಿ ಪಡೆಯಿತು.

ವಾಂತಿ ಮಾಡಿಸಲು ಹೋಗಬೇಡಿ. ಆಸ್ಪತ್ರೆಯಲ್ಲಿ ಲಿವರಿನ ಆ ಕೆಲಸ ತಡೆಯಲು ಫೋಮೆಪಿಜೋಲ್ ಎಂಬ ಔಷಧ ಅಥವಾ ಅಳತೆಯ ಎಥನಾಲ್ ಕೊಡುತ್ತಾರೆ, ಬೇಕಾದರೆ ಡಯಾಲಿಸಿಸ್ ಮಾಡುತ್ತಾರೆ. ಅದನ್ನು ಕೇಳಿ ಮನೆಯಲ್ಲೇ ಒಂದು ಪೆಗ್ ಕುಡಿಸುವ ಸಾಹಸ ಬೇಡ. 108ಕ್ಕೆ ಕರೆ ಮಾಡಿ. ಬಾಟಲಿ ಜೊತೆಗಿರಲಿ, ಕುಡಿದ ಹೊತ್ತು ಬರೆದುಕೊಳ್ಳಿ. ಜೊತೆಯಲ್ಲಿ ಕುಡಿದವರು ಇನ್ಯಾರು ಅಂತ ಕೇಳಿ. 'ನನಗೇನೂ ಆಗಿಲ್ಲ ಬಿಡಿ' ಅನ್ನುವವರನ್ನೂ ಆಸ್ಪತ್ರೆಗೆ ಹೊರಡಿಸಿ.