ಎರಡು ಲೋಟ, ಒಂದೇ ವ್ಯತ್ಯಾಸ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ನಡುವೆ ಇದೆ. ಮಳೆಗಾಲದಲ್ಲಿ ರೆಡ್ ಅಲರ್ಟ್ ಎಂದು ಜಿಲ್ಲೆಯ ಶಾಲೆಗಳಿಗೆ ರಜೆ ಸಿಕ್ಕಿದ ದಿನಗಳಲ್ಲಿ ಮಕ್ಕಳಿಬ್ಬರೂ ಅಡುಗೆಮನೆಗೆ ಬಂದು ಕುಳಿತುಬಿಡುತ್ತಾರೆ. ಮಗಳು ಐದನೆಯ ತರಗತಿ, ಮಗ ಎರಡನೆಯ ತರಗತಿ. ಇಬ್ಬರದೂ ಕನ್ನಡ ಮಾಧ್ಯಮ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ಮದುವೆಯಾದ ಮೇಲೆ ಆ ವಿಷಯದ ಒಡನಾಟವನ್ನೇ ಕಳೆದುಕೊಂಡಿದ್ದ ನಾನು ಅದನ್ನು ಮಕ್ಕಳಿಗಾಗಿ ಮತ್ತೆ ಕೈಗೆತ್ತಿಕೊಂಡದ್ದು ಅಂಥದ್ದೇ ಒಂದು ರಜೆಯ ದಿನ.

ಮೊದಲು ಮಾಡಿದ್ದು ಪುನರ್ಪುಳಿಯ, ಅಂದರೆ ಕೋಕಂ ಹಣ್ಣಿನ ಪ್ರಯೋಗ. ಒಣ ಸಿಪ್ಪೆಯನ್ನು ನೆನೆಸಿ ಹಿಂಡಿದ ಕೆಂಪು ರಸಕ್ಕೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡ ಹಾಕುತ್ತ ಹೋದಂತೆ ರಸ ನೊರೆಯೆದ್ದು, ಕೆಂಪು ಮಾಸಿ, ನೇರಳೆಗೆ ತಿರುಗಿ, ಕೊನೆಗೆ ಹಸುರು ಬೆರೆತ ಕಪ್ಪಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು, ಇನ್ನೊಮ್ಮೆ ಮಾಡು ಎಂದರು. ಹೀಗೇಕಾಯಿತೆಂದು ಕೇಳಿದರೆ ಮಗ, “ಅಮ್ಮ, ನೀನು ಪುಡಿ ಹಾಕಿದೆಯಲ್ಲ, ಅದಕ್ಕೆ” ಎಂದ. ಆಂಥೋಸಯನಿನ್ ಎಂಬ ವರ್ಣದ್ರವ್ಯ ಹುಳಿಯಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ಬೇರೆ ಬಣ್ಣವಾಗಿಯೂ ಕಾಣುತ್ತದೆಂದು ನಾನು ಬಹಳ ಹೊತ್ತು ವಿವರಿಸಿದೆ. ಒಂದು ವಾರ ಕಳೆದು ಕೇಳಿದಾಗ ಅದರಲ್ಲಿ ಏನೂ ಉಳಿದಿರಲಿಲ್ಲ. ಊಹೆಯೂ ನನ್ನದು, ಕೈಕೆಲಸವೂ ನನ್ನದು, ಉತ್ತರವೂ ನನ್ನದು. ಅವರಿಗೆ ಉಳಿದದ್ದು ನೋಡುವುದು ಮಾತ್ರ ಎಂಬುದು ನನಗೆ ಆಗ ಹೊಳೆಯಿತು.

ಅನಂತರ ಒಂದು ನೋಟ್‌ಪುಸ್ತಕ ತಂದೆ. ಏನು ಮಾಡುವುದಿದ್ದರೂ ಎರಡು ಅಥವಾ ಮೂರು ಪಾತ್ರೆಗಳಲ್ಲಿ ಒಟ್ಟಿಗೆ ಮಾಡಬೇಕು, ಅವುಗಳ ನಡುವೆ ಒಂದೇ ಒಂದು ವ್ಯತ್ಯಾಸವಿರಬೇಕು, ಏನಾಗಬಹುದೆಂಬ ಊಹೆಯನ್ನು ಇಬ್ಬರೂ ಮೊದಲೇ ಬರೆದಿಡಬೇಕು, ರುಚಿ ನೋಡುವುದು ಕೊನೆಗೆ ಎಂದು ನಿಶ್ಚಯಿಸಿಕೊಂಡೆವು.

ಹೀಗೆ ಮಾಡಿದ ಮೊದಲ ಪ್ರಯೋಗ ಮೊಸರಿನದು, ಮತ್ತು ಇಂದಿಗೂ ಯಾರಾದರೂ ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ನಾನು ಹೇಳುವುದು ಮೊಸರನ್ನೇ. ಕಾಯಿಸಿದ ಒಂದೇ ಹಾಲನ್ನು ಮೂರು ಸ್ಟೀಲ್ ಲೋಟಗಳಿಗೆ ಅರ್ಧರ್ಧ ಹಾಕಿದೆವು. ಒಂದಕ್ಕೆ ಹಾಲು ಒಲೆಯಿಂದ ಇಳಿಸಿದ ತಕ್ಷಣವೇ ಒಂದು ಚಮಚ ಹೆಪ್ಪು ಹಾಕಿದೆವು. ಉಳಿದೆರಡಕ್ಕೆ ಹಾಲು ಬೆರಳಿಗೆ ಹಿತವೆನಿಸುವಷ್ಟು, ಅಂದರೆ ಸುಮಾರು 40 ಡಿಗ್ರಿಗೆ ಆರಿದ ಮೇಲೆ ಅಷ್ಟೇ ಹೆಪ್ಪು ಹಾಕಿ, ಅವುಗಳಲ್ಲಿ ಒಂದನ್ನು ಫ್ರಿಜ್‌ನಲ್ಲಿಟ್ಟೆವು. ಬೆಳಗ್ಗೆ ನೋಡಿದಾಗ ಹೊರಗಿದ್ದ ಉಗುರುಬೆಚ್ಚಗಿನ ಹಾಲು ಮಾತ್ರ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಕುದಿಬಿಸಿಯಲ್ಲಿ ಹೆಪ್ಪಿನ ಜೀವಿಗಳು ಸತ್ತವೆಂದು ನಾನು ಹೇಳಿದಾಗ ಮಗಳು ಕೇಳಿದಳು: “ಹಾಗಾದರೆ ಫ್ರಿಜ್‌ನಲ್ಲಿದ್ದವು ಸತ್ತಿವೆಯೋ, ನಿದ್ದೆ ಮಾಡಿವೆಯೋ?” ನನ್ನ ಉತ್ತರಕ್ಕೆ ಕಾಯದೆ ಆ ಲೋಟವನ್ನು ಹೊರಗಿಟ್ಟಳು. ರಾತ್ರಿ ಊಟದ ಹೊತ್ತಿಗೆ ಅದೂ ಮೊಸರಾಗಿತ್ತು. ತನ್ನದೇ ಪ್ರಶ್ನೆಗೆ ತಾನೇ ಪ್ರಯೋಗವನ್ನು ಕಂಡುಕೊಂಡ ಆ ಸಂಜೆಯ ಸಂತೋಷವನ್ನು ನಾನು ಈಗಲೂ ಮರೆತಿಲ್ಲ. ಕುದಿಬಿಸಿಯ ಲೋಟದ ಹಾಲು ಅಷ್ಟರಲ್ಲಿ ಬೇರೆಯೇ ವಾಸನೆ ಬಂದಿದ್ದರಿಂದ ಅದನ್ನು ರುಚಿ ನೋಡಲು ಬಿಡದೆ ಬಾಳೆಯ ಬುಡಕ್ಕೆ ಚೆಲ್ಲಿದೆ. ತಿನ್ನುವ ಪ್ರಯೋಗವಾದರೂ ಹಾಳಾದದ್ದನ್ನು ಬಾಯಿಗೆ ಹಾಕಬಾರದೆಂಬುದನ್ನು ಮಕ್ಕಳು ಅಲ್ಲೇ ಕಲಿಯಬೇಕು.

ತಣ್ಣಗಿದ್ದರೆ ಜೀವಿಗಳು ಕೆಲಸ ನಿಲ್ಲಿಸುತ್ತವೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆಯಿದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು ಇಂದು ಸಿ.ಪಿ.ಸಿ.ಆರ್.ಐ. (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಎನಿಸಿಕೊಂಡಿರುವ ಕಾಸರಗೋಡಿನ ಸಂಸ್ಥೆಯವರು ತೆಂಗಿನ ಹೊಂಬಾಳೆಯಿಂದ ಇಳಿಯುವ ರಸವನ್ನು ಮಂಜುಗಡ್ಡೆಯಿಟ್ಟ ಪೆಟ್ಟಿಗೆಯಲ್ಲಿ ಸಂಗ್ರಹಿಸುವ ವಿಧಾನವನ್ನು ರೂಪಿಸಿದ್ದಾರೆ. ಹಾಗೆ ಮಾಡಿದರೆ ಅದು ಹುಳಿಯಾಗಿ ಕಳ್ಳಾಗದೆ ಸಿಹಿಯಾಗಿಯೇ ಉಳಿಯುತ್ತದೆ. ಇದನ್ನು ಹೇಳಿದಾಗ ಮಗ, ಅದು ನಮ್ಮ ಫ್ರಿಜ್‌ನ ಲೋಟದ ಹಾಗೆಯೇ ಅಲ್ಲವೇ ಎಂದ.

ಹಾಲು ಗಟ್ಟಿಯಾಗುವುದೇಕೆ ಎಂಬುದಕ್ಕೆ ಇನ್ನೊಂದು ದಿನ ಬೇಕಾಯಿತು. ಬಿಸಿ ಹಾಲಿಗೆ ಲಿಂಬೆರಸ ಹಿಂಡಿದಾಗ ಅದು ಕ್ಷಣದಲ್ಲಿ ಒಡೆಯಿತು. ಅಲ್ಲಿ ಹೆಪ್ಪು ಇರಲಿಲ್ಲ, ಹುಳಿ ಮಾತ್ರ ಇತ್ತು. ಹೆಪ್ಪಿನ ಜೀವಿಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾಡುತ್ತವೆ, ಒಂದು ಮಟ್ಟದ ಹುಳಿ ಬಂದಾಗ ಅದುವರೆಗೆ ಒಂದನ್ನೊಂದು ದೂರ ತಳ್ಳುತ್ತಿದ್ದ ಕೇಸಿನ್ ಎಂಬ ಪ್ರೋಟೀನಿನ ಕಣಗಳು ಪರಸ್ಪರ ಅಂಟಿಕೊಳ್ಳುತ್ತವೆ ಎಂಬ ವಿವರಣೆ ಆ ಪನೀರನ್ನು ಕೈಯಲ್ಲಿ ಹಿಡಿದಾಗ ಅವರಿಗೆ ಕಷ್ಟವೆನಿಸಲಿಲ್ಲ.

ದೋಸೆ ಹಿಟ್ಟಿನ ಪ್ರಯೋಗಕ್ಕೆ ಮಳೆಗಾಲದ ಆಟಿ ತಿಂಗಳು ಸರಿಯಾದ ಕಾಲ, ಏಕೆಂದರೆ ಆಗಿನ ತಂಪಿಗೆ ಹಿಟ್ಟು ಉಬ್ಬುವುದು ತಡವಾಗುತ್ತದೆ. ಒಂದೇ ಹಿಟ್ಟನ್ನು ಎರಡು ಗಾಜಿನ ಬಾಟಲಿಗಳಿಗೆ ಅರ್ಧದಷ್ಟು ತುಂಬಿ, ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಒಂದನ್ನು ಬಚ್ಚಲಿನ ಒಲೆಯ ಬಳಿ, ಇನ್ನೊಂದನ್ನು ಕಿಟಕಿಯ ದಂಡೆಯ ಮೇಲೆ ಇಟ್ಟೆವು. ಮುಚ್ಚಳವನ್ನು ಬಿಗಿಯಬಾರದು, ಗಾಳಿ ಹೊರಹೋಗಬೇಕು. ಬೆಚ್ಚಗಿದ್ದದ್ದು ಬೆಳಗಾಗುವಾಗ ಬಾಟಲಿಯ ಕತ್ತಿಗೆ ಬಂದಿತ್ತು. ಉದ್ದು ಹಾಕದೆ ಬರೀ ಅಕ್ಕಿಯ ಹಿಟ್ಟನ್ನು ಮರುದಿನ ಹಾಗೆಯೇ ಇಟ್ಟಾಗ ಅದು ಹುಳಿಯಾಯಿತೇ ಹೊರತು ಅಷ್ಟಾಗಿ ಏರಲಿಲ್ಲ. ಉದ್ದಿನ ಲೋಳೆ ಇಲ್ಲದಿದ್ದರೆ ಹುಟ್ಟಿದ ಗಾಳಿಯನ್ನು ಹಿಡಿದಿಡುವವರು ಯಾರೂ ಇಲ್ಲ. ಮಗ ಇಲ್ಲಿ ನನ್ನನ್ನು ತಡೆದ. ನೀರುದೋಸೆಯನ್ನು ಹುಳಿ ಬರಿಸುವುದಿಲ್ಲ, ಆದರೂ ಅದರಲ್ಲಿ ತೂತುಗಳಿರುವುದು ಹೇಗೆ ಎಂಬುದು ಅವನ ಪ್ರಶ್ನೆ. ಕಾದ ಕಾವಲಿಯ ಮೇಲೆ ತೆಳ್ಳಗಿನ ಹಿಟ್ಟಿನ ನೀರು ಆವಿಯಾಗಿ ಮೇಲೇಳುವ ದಾರಿಯೇ ಆ ತೂತು. ಕಾವಲಿ ಸಾಕಷ್ಟು ಕಾಯುವ ಮೊದಲೇ ಒಂದು ದೋಸೆ ಹೊಯ್ದು, ತೂತಿಲ್ಲದ ಆ ದೋಸೆಯನ್ನು ಅವನ ತಟ್ಟೆಗೇ ಹಾಕಿದೆ.

ಅತ್ತೆಯವರು ಭರಣಿಯಲ್ಲಿ ಮಾವಿನ ಮಿಡಿಗೆ ಉಪ್ಪು ಹಾಕಿಟ್ಟು, ಮಿಡಿ ಚಿರುಟಿ ನೀರು ಬಿಡುವುದನ್ನು ಮಕ್ಕಳು ಪ್ರತಿ ವರ್ಷ ನೋಡುತ್ತಿದ್ದರು. ಅದನ್ನೇ ನಾವು ಮುಳ್ಳುಸೌತೆಯಲ್ಲಿ ತೂಗಿ ನೋಡಿದೆವು: ಉಪ್ಪು ಹಚ್ಚಿದ 100 ಗ್ರಾಂ ಹೋಳು, ಒಂದು ಗಂಟೆಯ ಬಳಿಕ ನೀರು ಬಸಿದಾಗ, 86 ಗ್ರಾಂ ಆಗಿತ್ತು, ಉಪ್ಪಿಲ್ಲದ ಹೋಳಿನ ತೂಕ ಹೆಚ್ಚುಕಡಿಮೆ ಹಾಗೆಯೇ ಇತ್ತು. ಪಾಯಸಕ್ಕೆಂದು ನೆನೆಸಿದ ದ್ರಾಕ್ಷಿ ಉಬ್ಬುವುದು ಇದರ ತಿರುವುಮುರುವು. ತೆಳು ಪೊರೆಯ ಮೂಲಕ ನೀರು ಉಪ್ಪು ಅಥವಾ ಸಕ್ಕರೆ ಹೆಚ್ಚಿರುವ ಕಡೆಗೆ ಸಾಗುವ ಇದಕ್ಕೆ ಆಸ್ಮಾಸಿಸ್ ಎಂಬ ಹೆಸರನ್ನು ಎರಡನ್ನೂ ನೋಡಿದ ಮೇಲೆಯೇ ಹೇಳಿದೆ.

ಸುಣ್ಣವನ್ನು ಮಾತ್ರ ನಾನು ಮಕ್ಕಳ ಕೈಗೆ ಕೊಡುವುದಿಲ್ಲ. ಅರಸಿನ ಕೆಂಪಾಗುವುದನ್ನು ತೋರಿಸಲು ಅಡುಗೆ ಸೋಡವೇ ಸಾಕು. ಸುಣ್ಣ ಕಣ್ಣಿಗೆ ಹಾರಿದರೆ ಆಗುವ ಅಪಾಯ ದೊಡ್ಡದು.

ಕಳೆದ ತಿಂಗಳ ಪ್ರಯೋಗವನ್ನು ಮಗಳೇ ಯೋಚಿಸಿದಳು. ಒಂದು ಲೋಟದಲ್ಲಿ ದನದ ಹಾಲು, ಇನ್ನೊಂದರಲ್ಲಿ ತೆಂಗಿನ ಹಾಲು, ಎರಡಕ್ಕೂ ಒಂದೊಂದು ಚಮಚ ಹೆಪ್ಪು. ಎರಡೂ ಮೊಸರಾಗುತ್ತವೆಂದು ಮಗ ಬರೆದ. ತೆಂಗಿನ ಹಾಲು ಆಗುವುದಿಲ್ಲವೆಂದು ಅವಳು ಬರೆದು, ಕಾರಣದ ಜಾಗದಲ್ಲಿ “ಕೇಸಿನ್ ಇಲ್ಲ” ಎಂದು ಸೇರಿಸಿದಳು. ಬೆಳಗ್ಗೆ ತೆಂಗಿನ ಹಾಲು ತುಸು ಹುಳಿಯಾಗಿ, ಕೆನೆ ಮೇಲೆ ಬಂದು, ನೀರು ಕೆಳಗೆ ನಿಂತಿತ್ತು. ಅತ್ತೆಯವರು ಅದನ್ನು ಮೂಸಿ, ನಾಲಗೆಗೆ ಹಚ್ಚಿ ನೋಡಿ, ತೆಂಗಿನಕಾಯಿ, ಮಜ್ಜಿಗೆ ಹಾಕಿ ಮಾಡುವ ಅಂದಿನ ಸೌತೆಕಾಯಿ ಮೇಲಾರಕ್ಕೆ ಸುರಿದರು.